ಒಳಗೆ ಬಿಟ್ಟ ಬಟ್ಟೆ

ಜನವರಿ 11, ಸೋಮವಾರ

ಅಣ್ಣನ ಕಿಡ್ನಿಗಳು ಕೈಕೊಟ್ಟು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿರುತ್ತಾನೆ. ಉಳಿದ ದಿನಗಳಲ್ಲಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಾನೆ, ನಾನು ಹೊಲಿಯುತ್ತೇನೆ. ಅಂಗಡಿ ಮುಂದೆ, ಅಡುಗೆಮನೆ ಹಿಂದೆ, ಮಲಗುವ ಕೋಣೆಗಳು ಮೇಲೆ. ಅಣ್ಣ, ಅತ್ತಿಗೆ, ನಾನು, ಇಷ್ಟೇ ಜನ.

ಇವತ್ತು ನನ್ನ ಪರೀಕ್ಷೆಗಳ ಫಲಿತಾಂಶ ಬಂತು. ರಕ್ತ ಹೊಂದುತ್ತದೆ, ಉಳಿದದ್ದೂ ಹೊಂದುತ್ತದೆ. ನನ್ನದೊಂದು ಕಿಡ್ನಿಯನ್ನು ಅಣ್ಣನಿಗೆ ಹಾಕಬಹುದು. ತೂಕ ಮಾತ್ರ ಹೆಚ್ಚು. ಎಂಬತ್ತೆಂಟು ಕಿಲೋ ಇದ್ದೀರಿ, ಎಂಬತ್ತರ ಒಳಗೆ ಬಂದರೆ ಶಸ್ತ್ರಚಿಕಿತ್ಸೆಯ ಮಾತಾಡೋಣ ಎಂದರು ಡಾಕ್ಟರು. ಅವರು ಅದನ್ನು ಹೇಳಿ ಮುಗಿಸುವ ಮೊದಲೇ ಅತ್ತಿಗೆ ನನ್ನನ್ನು ತಬ್ಬಿಕೊಂಡು ಅಳತೊಡಗಿದರು. ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದ. ಮನೆಗೆ ಬಂದ ಮೇಲೆ ಅತ್ತಿಗೆ ಯಾರಿಗೋ ಫೋನಿನಲ್ಲಿ, ನಮ್ಮ ನಾದಿನಿ ಕೊಡ್ತಾಳೆ, ಎಂದು ಹೇಳುತ್ತಿದ್ದರು.

ಕೊಡುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳುವಂಥದ್ದೇನೂ ಇರಲಿಲ್ಲ ಎಂದುಕೊಳ್ಳುತ್ತೇನೆ.

ಜನವರಿ 14, ಗುರುವಾರ

ಆಸ್ಪತ್ರೆಯಲ್ಲಿ ಊಟದ ಬಗ್ಗೆ ಹೇಳಿಕೊಡುವವರೊಬ್ಬರಿದ್ದಾರೆ. ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳನ್ನು ಜೋಡಿಸಿಟ್ಟುಕೊಂಡಿರುತ್ತಾರೆ. ಮನೆಯಲ್ಲಿ ಅವರಿಗೆ ಬಟ್ಟಲು ಮೇಡಂ ಎಂದು ಹೆಸರಾಗಿದೆ.

ಉಪವಾಸದ ಮಾತಾಡಿಯಾರು ಎಂದುಕೊಂಡು ಹೋಗಿದ್ದೆ. ಅವರು ಹೇಳಿದ್ದು ಬೇರೆ. "ಹಸ್ಕೊಂಡು ಇರ್ಬೇಡಿ. ಹಸ್ಕೊಂಡಿರೋರು ಎರಡು ವಾರಕ್ಕಿಂತ ಜಾಸ್ತಿ ನನ್ನ ಮಾತು ಕೇಳಲ್ಲ." ಹೊಟ್ಟೆಗೆ ತುಂಬಿತೆಂದು ತಿಳಿಯುತ್ತದೆ, ಯಾವುದರಿಂದ ತುಂಬಿತೆಂದು ಅಷ್ಟಾಗಿ ತಿಳಿಯುವುದಿಲ್ಲವಂತೆ. ಒಂದೇ ಅಳತೆಯ ಎರಡು ಬಟ್ಟಲು ತೋರಿಸಿದರು. ಒಂದರಲ್ಲಿ ಬರೀ ಅನ್ನ, ಎಣ್ಣೆ ಮಿನುಗುತ್ತಿತ್ತು. ಇನ್ನೊಂದರಲ್ಲಿ ಅರ್ಧ ಅನ್ನ, ಅರ್ಧ ಹೂಕೋಸನ್ನು ಅಕ್ಕಿಕಾಳಿನಷ್ಟು ಸಣ್ಣಗೆ ತುರಿದು ಬೆರೆಸಿದ್ದು. ನೋಡಲು ಒಂದೇ ಥರ. ತಟ್ಟೆ ಚಿಕ್ಕದು ಮಾಡಬೇಡಿ, ತಟ್ಟೆಯಲ್ಲಿರುವುದನ್ನು ಬದಲಾಯಿಸಿ ಎಂದರು. ನೀರಿರುವ ತರಕಾರಿ, ಜೊತೆಗೆ ಮೊಟ್ಟೆ, ಮೀನು, ಕಾಳು, ಮೊಸರು. ಎಣ್ಣೆಗೆ ಚಮಚ. ಊಟಕ್ಕೆ ಮೊದಲು ಒಂದು ದೊಡ್ಡ ಬಟ್ಟಲು ಸೂಪು.

ನಮ್ಮ ಅಂಗಡಿಯ ಮಾತಿನಲ್ಲಿ ಇದು ಆಲ್ಟರೇಷನ್. ಹೊರಗಿನ ಬಟ್ಟೆ ಅದೇ, ಲೈನಿಂಗ್ ಬೇರೆ.

ಜನವರಿ 20, ಬುಧವಾರ

ಮೊದಲ ಹೂಕೋಸು ಮುದ್ದೆಯಾಯಿತು. ತುರಿದದ್ದನ್ನು ಬೇಯಿಸಬಾರದು, ಬರೀ ಬಾಣಲೆಯಲ್ಲಿ ನೀರಾರುವವರೆಗೆ ಬಾಡಿಸಬೇಕು ಎಂದು ಎರಡನೆಯ ದಿನಕ್ಕೆ ತಿಳಿಯಿತು. ಮೂರನೆಯ ದಿನ ಅತ್ತಿಗೆ ನನ್ನ ತಟ್ಟೆಯಿಂದ ಒಂದು ತುತ್ತು ತೆಗೆದುಕೊಂಡು, ಅನ್ನ ಚೆನ್ನಾಗಿ ಬಿಡಿಬಿಡಿಯಾಗಿದೆ ಎಂದರು.

ಇಷ್ಟು ದಿನ ಎಣ್ಣೆಯನ್ನು ಬಾಟಲಿಯಿಂದಲೇ ಸುರಿಯುತ್ತಿದ್ದೆ, ಕಣ್ಣಳತೆಯ ಮೇಲೆ. ಬಟ್ಟೆಗೆ ಟೇಪು ಹಿಡಿಯದೆ ಗೆರೆ ಎಳೆದವಳಲ್ಲ ನಾನು. ಅಡುಗೆಗೆ ಯಾಕೆ ಕಣ್ಣಳತೆ ಸಾಕೆನಿಸಿತ್ತೋ ಗೊತ್ತಿಲ್ಲ.

ಈಗ ಮನೆಯಲ್ಲಿ ಎರಡು ಅಡುಗೆ, ಎರಡೂ ನನ್ನದೇ. ಅತ್ತಿಗೆ ಆಸ್ಪತ್ರೆಯ ಓಡಾಟ ನೋಡಿಕೊಳ್ಳುತ್ತಾರೆ. ಅಣ್ಣನಿಗೆ ತರಕಾರಿಯನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ತರಕಾರಿಯ ಪೊಟ್ಯಾಸಿಯಂ ನೀರಿಗೆ ಬಿಡುತ್ತದೆ, ಅದು ಅವನ ಹೃದಯಕ್ಕೆ ಅಪಾಯ. ಅವನು ಕುಡಿಯುವ ನೀರಿಗೂ ಲೆಕ್ಕ: ಬೆಳಿಗ್ಗೆ ಒಂದು ಬಾಟಲಿ ತುಂಬಿಸಿಟ್ಟರೆ ಮಾರನೆಯ ಬೆಳಗಿನವರೆಗೆ ಅದೇ. ನನಗೋ ನೀರು ಹೆಚ್ಚಿದ್ದಷ್ಟೂ ಒಳ್ಳೆಯದು. ಅವನ ತರಕಾರಿ ಬಸಿದ ನೀರನ್ನು ಚೆಲ್ಲಲು ಮನಸ್ಸಾಗಲಿಲ್ಲ. ಅದಕ್ಕೇ ಎಲೆಕೋಸು, ಈರುಳ್ಳಿ, ಮೆಣಸು ಹಾಕಿ ನನ್ನ ಸೂಪು ಮಾಡಿಕೊಂಡೆ.

ಫೆಬ್ರವರಿ 2, ಮಂಗಳವಾರ

ಅಣ್ಣ ನನ್ನನ್ನು ಗುಂಡಿ ಎಂದು ಕರೆಯುತ್ತಾನೆ. ಚಿಕ್ಕವಳಿದ್ದಾಗ ಅಪ್ಪನ ಅಂಗಡಿಯಲ್ಲಿ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಿದ್ದೆ, ಜೊತೆಗೆ ಗುಂಡಗೂ ಇದ್ದೆ. ಒಂದೇ ಹೆಸರಿನಲ್ಲಿ ಎರಡು ಕೆಲಸ ಮುಗಿಸಿದ.

ಇವತ್ತು ಊಟದ ಹೊತ್ತಿಗೆ ನನ್ನ ಬಟ್ಟಲನ್ನು ನೋಡಿ, "ನನ್ನ ತರಕಾರಿ ಸ್ನಾನ ಮಾಡಿದ ನೀರು ಕುಡೀತಾ ಇದೀಯಲ್ಲ ಗುಂಡಿ," ಎಂದ. ಅತ್ತಿಗೆ ನಗುತ್ತಾ ಅವನ ತಟ್ಟೆಗೆ ಬಸಿದ ಕ್ಯಾರೆಟ್ ಹಾಕಿದರು. ಬಣ್ಣ ಹೋದ ಕ್ಯಾರೆಟ್. ಅವನು ಒಂದು ತುಂಡನ್ನು ಬಾಯಿಗಿಟ್ಟು, ಒಗೆದು ಇಸ್ತ್ರಿ ಮಾಡಿದ ಹಾಗಿದೆ ಎಂದ.

ನಾನು ಕುಡಿದು ಮುಗಿಸಿದ ಮೇಲೆ, ಒಂದು ನಿಮಿಷ ಆ ಬಟ್ಟಲು ಕೊಡು ಎಂದ. ಖಾಲಿ ಬಟ್ಟಲು. ಬಿಸಿ ಇನ್ನೂ ಇತ್ತು. ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದ. ತಣ್ಣಗಾದ ಮೇಲೆ ವಾಪಸು ಕೊಟ್ಟ.

ಫೆಬ್ರವರಿ 9, ಮಂಗಳವಾರ

ಎಂಬತ್ತೈದು.

ಕಂದು ಕೋಟು ಸಡಿಲವಾಗಿ, ಹೊರಗೆ ಹೋಗುವಾಗ ನನ್ನ ಹೆಗಲಿಗೆ ಬೇರೆ ಯಾರದ್ದೋ ಕೋಟು ಹಾಕಿದಂತೆ ಕಾಣುತ್ತಿತ್ತು. ಎರಡೂ ಪಕ್ಕೆ ಬಿಚ್ಚಿ, ಹಿಡಿದು ಹೊಲಿದೆ. ಹೆಚ್ಚಾದ ಬಟ್ಟೆಯನ್ನು ಒಳಗೇ ಮಡಿಚಿ ಬಿಟ್ಟೆ.

ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕೆಂಬುದು ಅಪ್ಪನ ಪದ್ಧತಿ. ಗಿರಾಕಿ ದಪ್ಪಗಾದರೆ ಅವನು ಬೇರೆ ಅಂಗಡಿಗೆ ಹೋಗಬಾರದು ಎನ್ನುತ್ತಿದ್ದ. ಸೊರಗಿದವರ ಬಟ್ಟೆಯ ವಿಷಯದಲ್ಲಿ ಮಾತ್ರ ಅಣ್ಣನ ದಾರಿ ಬೇರೆ. ಹೆಚ್ಚಾದದ್ದನ್ನು ಒಳಗೇ ಬಿಟ್ಟರೆ ಗಂಟಾಗುತ್ತದೆ, ಮೈಮೇಲೆ ಕೂರುವುದಿಲ್ಲ, ಕತ್ತರಿಸಬೇಕು ಎನ್ನುತ್ತಾನೆ. ಆದರೆ ಕತ್ತರಿ ಇಡುವ ಮೊದಲು ಗಿರಾಕಿಯನ್ನು ತಪ್ಪದೆ ಕೇಳುತ್ತಾನೆ. ಇವತ್ತು ಬ್ಯಾಂಕಿನ ಕಾವಲುಗಾರ ತನ್ನ ಪ್ಯಾಂಟು ಸಣ್ಣ ಮಾಡಿಸಲು ತಂದಿದ್ದ. ಅಣ್ಣ ಕತ್ತರಿ ಎತ್ತಿಕೊಂಡು, "ಕತ್ತರಿಸ್ಲಾ? ಆಮೇಲೆ ಜೋಡಿಸೋಕಾಗಲ್ಲ," ಎಂದ. ಕಾವಲುಗಾರ ತನ್ನ ಹೊಟ್ಟೆಯನ್ನು ಒಂದು ಸಲ ಮುಟ್ಟಿ ನೋಡಿಕೊಂಡು, ಈ ಸಲಕ್ಕೆ ಹಾಗೇ ಮಡಿಚಿ ಹೊಲೀರಿ ಸಾರ್ ಎಂದ. ನಾವಿಬ್ಬರೂ ನಕ್ಕೆವು.

ಫೆಬ್ರವರಿ 21, ಭಾನುವಾರ

ಅಂಗಡಿಗೆ ರಜೆ. ಇಡೀ ದಿನ ಅಡುಗೆಮನೆಯಲ್ಲಿ ಕಳೆದೆ. ಬೇಸರವಾಗಲಿಲ್ಲ.

ಈವರೆಗೆ ಕಲಿತದ್ದು: ಅಣಬೆಯನ್ನು ಸಣ್ಣಗೆ ಕೊಚ್ಚಿ, ಹುರಿದು, ಕೊಚ್ಚಿದ ಮಾಂಸಕ್ಕೆ ಸಮಸಮ ಬೆರೆಸಿದರೆ ಮಾಂಸದ್ದೇ ರುಚಿ, ಮಾಂಸದ್ದೇ ಬಣ್ಣ. ಎರಡು ಮೊಟ್ಟೆ ಒಡೆಯುವ ಕಡೆ ಒಂದು ಮೊಟ್ಟೆ, ಎರಡರ ಬಿಳಿ, ಒಂದು ಹಿಡಿ ಸೊಪ್ಪು. ಕೆನೆಯ ಬದಲು ಗಟ್ಟಿ ಮೊಸರು, ಆದರೆ ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಆಲೂಗಡ್ಡೆ ಪಾಪದ್ದು, ವಿನಾಕಾರಣ ಕೆಟ್ಟ ಹೆಸರು ಪಡೆದಿದೆ. ಬೇಯಿಸಿ ತಿಂದರೆ ಅದರಷ್ಟು ಹೊಟ್ಟೆ ತುಂಬಿಸುವುದು ಇನ್ನೊಂದಿಲ್ಲ. ತಪ್ಪು ಎಣ್ಣೆಯದು. ಬ್ರೆಡ್ಡನ್ನು ದಪ್ಪ ಕತ್ತರಿಸದೆ ತೆಳುವಾಗಿ ಎರಡು ಮಾಡಿದರೆ ಎರಡು ತಿಂದಂತಾಗುತ್ತದೆ.

ಒಂದೊಂದಕ್ಕೂ ಉಪ್ಪು ಸರಿಯಾಗಿದೆಯೇ, ಹುಳಿ ಸಾಕೇ ಎಂದು ರುಚಿ ನೋಡಬೇಕಾಗುತ್ತದೆ. ಅಣ್ಣನ ಅಡುಗೆಗೆ ಉಪ್ಪಿಲ್ಲ, ಆದ್ದರಿಂದ ಅದನ್ನು ಇನ್ನೂ ಹೆಚ್ಚು ಸಲ ನೋಡಬೇಕು. ಅತ್ತಿಗೆಗೆ ಬೇರೆಯಾಗಿ ಬೆಣ್ಣೆಯಲ್ಲಿ ಹುರಿದದ್ದು ಇತ್ತು. ಅದನ್ನೂ ನೋಡಿದೆ. ಅಡುಗೆ ಮಾಡುವವರು ರುಚಿ ನೋಡುವುದು ಊಟವಲ್ಲ.

ಸಂಜೆ ಅಣ್ಣ ಬಾಯಲ್ಲಿ ಒಂದು ಐಸ್ ತುಂಡು ಇಟ್ಟುಕೊಂಡು ಕೂತಿದ್ದ. ಅದನ್ನೂ ಬಾಟಲಿಯ ಲೆಕ್ಕದಲ್ಲಿ ಕಳೆಯಬೇಕು. ಎಷ್ಟು ಇಳಿದೆ ಎಂದು ಕೇಳಲಿಲ್ಲ. ಅವನು ಎಂದೂ ಕೇಳಿಲ್ಲ. ಕೇಳುವವರು ಅತ್ತಿಗೆ.

ಮಾರ್ಚ್ 4, ಗುರುವಾರ

ಎಂಬತ್ತಮೂರು. ಡಾಕ್ಟರು ಖುಷಿಪಟ್ಟರು. ಇದೇ ವೇಗದಲ್ಲಿ ಹೋದರೆ ಮುಂದಿನ ತಿಂಗಳು ದಿನ ಗೊತ್ತುಮಾಡಬಹುದು ಎಂದರು.

ಆಮೇಲೆ ಇನ್ನೊಂದು ಕೋಣೆಗೆ ಕಳಿಸಿದರು. ದಾನ ಮಾಡುವವರ ಜೊತೆ ಒಬ್ಬರೇ ಇದ್ದಾಗ ಮಾತಾಡುವುದು ಅಲ್ಲಿಯ ಕೌನ್ಸೆಲರ್‌ನ ಕೆಲಸ. ಅತ್ತಿಗೆಯನ್ನು ಹೊರಗೆ ಕೂರಿಸಿದರು. ಕೌನ್ಸೆಲರ್ ನನಗಿಂತ ಚಿಕ್ಕವಳು, ಮೆಲುದನಿ. ಮನೆಯಲ್ಲಿ ಯಾರಾದರೂ ಒತ್ತಾಯ ಮಾಡಿದರಾ ಎಂದು ಕೇಳಿದಳು. ಇಲ್ಲ ಎಂದೆ, ಅದು ನಿಜ. ನೀವೇ ಒಪ್ಪಿದ್ದು ಯಾವಾಗ ಎಂದು ಕೇಳಿದಳು. ನೆನಪಿಲ್ಲ ಎಂದೆ, ಅದೂ ನಿಜ.

ಅವಳು ಪೆನ್ನು ಕೆಳಗಿಟ್ಟಳು. "ನಿಮಗೆ ಬೇಡ ಅನ್ಸಿದ್ರೆ ನಮಗಷ್ಟೇ ಹೇಳಿ ಮೇಡಂ. ಮನೆಯವರಿಗೆ ನಾವು, ಇವರು ಕೊಡೋ ಹಾಗಿಲ್ಲ, ಅಂತ ಹೇಳ್ತೀವಿ. ಯಾಕೆ ಅಂತ ಹೇಳಲ್ಲ. ಯಾರಿಗೂ ಗೊತ್ತಾಗಲ್ಲ."

ಸರಿ ಎಂದೆ. ಕುಡಿಯುವ ನೀರು ಎಲ್ಲಿದೆ ಎಂದು ಕೇಳಿದೆ.

ಹೊರಗೆ ಬಂದಾಗ ಅತ್ತಿಗೆ, ಏನು ಕೇಳಿದರು ಎಂದರು. ತೂಕದ ವಿಷಯ ಎಂದೆ. ದಾರಿಯಲ್ಲಿ ಬೇಕರಿ ಇತ್ತು. ನೀನು ತುಂಬ ಕಷ್ಟಪಡ್ತಾ ಇದೀಯಾ, ಇವತ್ತೊಂದು ದಿನ ತಿನ್ನು ಎಂದು ಅತ್ತಿಗೆ ಬನ್ನು ಕೊಡಿಸಿದರು. ಅರ್ಧ ತಿಂದೆ. ಅವರು ತಮ್ಮ ಅರ್ಧವನ್ನೂ ಕೊಟ್ಟರು.

ಮಾರ್ಚ್ 5, ಶುಕ್ರವಾರ

ಗಿರಾಕಿಯೊಬ್ಬರು ಮಗಳ ಮದುವೆ ಗೊತ್ತಾಯಿತೆಂದು ಸಿಹಿ ತಂದುಕೊಟ್ಟರು. ರುಚಿ ನೋಡಿದೆ.

ಮಾರ್ಚ್ 19, ಶುಕ್ರವಾರ

ಎರಡು ವಾರವಾಯಿತು, ತೂಕ ಎಂಬತ್ತಮೂರರಿಂದ ಅಲ್ಲಾಡಿಲ್ಲ. ಊಟ ಬದಲಾಗಿಲ್ಲ. ಹೂಕೋಸು ಅಷ್ಟೇ, ಎಣ್ಣೆ ಅಷ್ಟೇ, ಸೂಪು ಅಷ್ಟೇ. ಅತ್ತಿಗೆ ಮನೆಯ ತೂಕದ ಯಂತ್ರವೇ ಸರಿಯಿಲ್ಲವೆಂದು ಅದನ್ನು ಅಲ್ಲಾಡಿಸಿ ನೋಡಿದರು. ಯಂತ್ರ ಸರಿಯಾಗಿದೆ. ಅಂಗಡಿಯ ಹೊಸ ನೂಲಿನ ಪೆಟ್ಟಿಗೆಯನ್ನು ಇಟ್ಟು ನೋಡಿದೆ, ಮೇಲೆ ಅಚ್ಚು ಹಾಕಿದ್ದಷ್ಟೇ ತೋರಿಸಿತು.

ಕೋಟನ್ನು ಮತ್ತೆ ಹಿಡಿದು ಹೊಲಿದಿದ್ದೆ. ಈಗ ಕಂಕುಳ ಕೆಳಗೆ ಗಂಟು ಒತ್ತುತ್ತದೆ. ಹೊಲಿಗೆ ತಪ್ಪಿರಬೇಕು.

ಬಟ್ಟಲು ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಊಟ ಅಲ್ಲದೆ ಬಾಯಿಗೆ ಏನು ಹೋಗತ್ತೆ ಎಂದರು. ಏನೂ ಇಲ್ಲ ಎಂದೆ. ಯೋಚಿಸಿ, ರುಚಿ ನೋಡುವುದನ್ನು ಬಿಟ್ಟರೆ ಏನೂ ಇಲ್ಲ ಎಂದೆ. ಅವರು ನಕ್ಕರು, ಆದರೆ ಗೇಲಿಯಿಂದಲ್ಲ. ಒಂದು ಖಾಲಿ ಬಟ್ಟಲನ್ನು ನನ್ನ ಮುಂದೆ ತಳ್ಳಿದರು.

"ಇದನ್ನ ಮನೆಗೆ ತಗೊಂಡ್ಹೋಗಿ. ರುಚಿ ನೋಡಬೇಕು ಅನ್ಸಿದಾಗೆಲ್ಲ ಬಾಯಿಗೆ ಹಾಕಬೇಡಿ, ಇದಕ್ಕೆ ಹಾಕಿ. ಸಂಜೆ ನೋಡಿ. ನನಗೆ ತೋರಿಸ್ಬೇಡಿ, ನೀವು ನೋಡಿದ್ರೆ ಸಾಕು."

ಮಾರ್ಚ್ 23, ಮಂಗಳವಾರ

ಶನಿವಾರ ಬಟ್ಟಲಲ್ಲಿ ಅಷ್ಟೇನೂ ಇರಲಿಲ್ಲ. ಭಾನುವಾರವೂ ಅಷ್ಟೇ. ನಿನ್ನೆ ಆಸ್ಪತ್ರೆಯಿಂದ ಬಂದ ಅತ್ತಿಗೆ, ಶಸ್ತ್ರಚಿಕಿತ್ಸೆ ಆದ ಮೇಲೆ ನನಗೆ ಯಾವ ಕೋಣೆ ಅನುಕೂಲ, ಮೆಟ್ಟಿಲು ಹತ್ತಬಾರದಲ್ಲ, ಕೆಳಗೆ ಹಾಸಿಗೆ ಹಾಕೋಣವೇ ಎಂದು ಮಾತಾಡಿದರು. ಅಡುಗೆಮನೆಯಲ್ಲೇ ನಿಂತು ಮಾತಾಡಿದರು. ನಾನು ಕೆಲಸ ಮಾಡುತ್ತಲೇ ಕೇಳಿದೆ.

ನಿನ್ನೆ ಬಟ್ಟಲು ತುಂಬಿತ್ತು. ಹುರಿದ ಗೋಡಂಬಿ, ಚೀಸಿನ ಅಂಚು, ಅತ್ತಿಗೆಯ ಬ್ರೆಡ್ಡಿನ ಬೆಣ್ಣೆ ಹತ್ತಿದ ಮೂಲೆ, ಎರಡು ಬಿಸ್ಕತ್ತು, ಬಾಣಲೆಗೆ ಅಂಟಿದ್ದು, ತಣ್ಣಗಾದ ಆಲೂಗಡ್ಡೆ. ಒಬ್ಬರು ಎರಡನೆಯ ಸಲ ಕೂತು ಊಟ ಮಾಡುವಷ್ಟು.

ತಟ್ಟೆ ಮುಚ್ಚಿಟ್ಟೆ. ಯಾಕೆ ಮುಚ್ಚಿದೆನೋ. ಆಗ ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮಾರ್ಚ್ 29, ಸೋಮವಾರ

ಅಣ್ಣ ಆಸ್ಪತ್ರೆಯಲ್ಲಿದ್ದಾನೆ. ಇದು ಮಾಮೂಲಿ ಸೋಮವಾರವಲ್ಲ. ನಿನ್ನೆ ಸಂಜೆಯೇ ಸೇರಿಸಿದ್ದು.

ಶುಕ್ರವಾರ ಯಂತ್ರದಿಂದ ಎದ್ದರೆ ಸೋಮವಾರದವರೆಗೆ ಬಿಡುವು. ವಾರದಲ್ಲಿ ಅದೇ ಉದ್ದದ ಅವಧಿ, ಅದೇ ಅಪಾಯದ್ದು ಎಂದು ಮೊದಲಿನಿಂದಲೂ ಹೇಳಿದ್ದರು. ನಿನ್ನೆ ಮಧ್ಯಾಹ್ನ ನಾನೂ ಅತ್ತಿಗೆಯೂ ಮಾರುಕಟ್ಟೆಗೆ ಹೋಗಿದ್ದೆವು. ವಾಪಸು ಬಂದಾಗ ಅವನು ಕತ್ತರಿಸುವ ಮೇಜಿಗೆ ಎರಡು ಕೈ ಊರಿ ನಿಂತು ಉಸಿರಾಡುತ್ತಿದ್ದ. ಕೂತರೆ ಉಸಿರು ಬರುವುದಿಲ್ಲ ಎಂದ. ಮುಖ ಊದಿತ್ತು.

ಒಲೆಯ ಮೇಲೆ ನಾನು ಎರಡು ದಿನಕ್ಕೆಂದು ಮಾಡಿಟ್ಟ ಸೂಪಿನ ಪಾತ್ರೆ ಇತ್ತು. ತಳ ಕಾಣುತ್ತಿತ್ತು.

ಅವನಿಗೆ ನೀರೂ ಹೆಚ್ಚು, ಅವನ ತರಕಾರಿಯಿಂದ ತೆಗೆದ ಪೊಟ್ಯಾಸಿಯಂ ಕೂಡ ಅದರಲ್ಲೇ. ಬೇಡವೆಂದು ಬಸಿದದ್ದೆಲ್ಲ ಅವನೊಳಗೆ ವಾಪಸು ಹೋಯಿತು. ಡಾಕ್ಟರು ಇಸಿಜಿ ಪಟ್ಟಿ ನೋಡಿ, ಇನ್ನೊಂದಿಷ್ಟು ಹೊತ್ತಾಗಿದ್ದರೆ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಹೊರಗಿನ ಬೆಂಚಿನಲ್ಲಿ ಅತ್ತಿಗೆ ನನ್ನ ಪಕ್ಕ ಕೂರಲಿಲ್ಲ, ಎದುರಿಗೆ ಕೂತರು. "ಅಷ್ಟು ದೊಡ್ಡ ಪಾತ್ರೆ ಯಾಕೆ ಮಾಡ್ತೀಯಾ?" ಎಂದರು. ಆಮೇಲೆ ಅವರೇ ಎದ್ದು ಬಂದು ಪಕ್ಕದಲ್ಲಿ ಕೂತರು.

ಏಪ್ರಿಲ್ 1, ಗುರುವಾರ

ಅಣ್ಣ ಎದ್ದು ಕೂತಿದ್ದಾನೆ. ಮುಖದ ಊತ ಇಳಿದಿದೆ. ನರ್ಸನ್ನು ಗೋಳುಹೊಯ್ದುಕೊಳ್ಳುವಷ್ಟು ಚೇತರಿಸಿಕೊಂಡಿದ್ದಾನೆ. ನಿಮ್ಮ ದಿಂಬಿನ ಕವರಿಗೆ ಹೊಲಿಗೆ ಹಾಕಿದವನು ಯಾರು, ಅವನನ್ನು ಒಂದು ಸಲ ನನ್ನ ಹತ್ತಿರ ಕಳಿಸಿ ಎನ್ನುತ್ತಿದ್ದ.

ಅತ್ತಿಗೆ ಔಷಧಿ ತರಲು ಹೋದಾಗ ನಾವಿಬ್ಬರೇ ಇದ್ದೆವು. ಎಷ್ಟು ಕುಡಿದೆ ಎಂದು ಕೇಳಿದೆ.

"ರುಚಿ ನೋಡಿದೆ," ಎಂದ.

ಮುಖದಲ್ಲಿ ನಗು ಇರಲಿಲ್ಲ, ಆದರೆ ಕಣ್ಣು ನನ್ನ ಮೇಲೇ ಇತ್ತು. ಅವನಿಗೆ ಬಟ್ಟಲಿನ ವಿಷಯ ಗೊತ್ತಿದೆ ಎಂದಾಯಿತು. ಒಂದು ಗೋಡೆಯ ಆಚೆ ಅಂಗಡಿ, ಈಚೆ ಅಡುಗೆಮನೆ. ಗೊತ್ತಾಗದೆ ಇರುವುದೇನಿದೆ.

"ಮೊದಲು ಒಂದು ಚಮಚ ಅಂದ್ಕೊಂಡೆ," ಎಂದ. "ಚೆನ್ನಾಗಿ ಮಾಡ್ತೀಯ ಗುಂಡಿ. ಮೆಣಸು ಮಾತ್ರ ಒಂಚೂರು ಜಾಸ್ತಿ."

ಏಪ್ರಿಲ್ 6, ಮಂಗಳವಾರ

ಸೂಪು ಮಾಡುವುದನ್ನು ಬಿಟ್ಟೆ. ಬಸಿದ ನೀರನ್ನು ಸಿಂಕಿಗೆ ಸುರಿಯುತ್ತೇನೆ, ನಿಂತು ಪೂರ್ತಿ ಹೋಗುವವರೆಗೆ ನೋಡುತ್ತೇನೆ. ಸೂಪಿನ ಜಾಗಕ್ಕೆ ಹಸಿ ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚಿ ಮೊಸರಿನಲ್ಲಿ ಕಲಸಿದ್ದು. ಅಗಿಯಲು ತುಂಬ ಹೊತ್ತು ಹಿಡಿಯುತ್ತದೆ. ಅದೇ ಅದರ ಉಪಯೋಗ.

ಹೂಕೋಸು ಬೆರೆಸಿದ ಅನ್ನವನ್ನು ಈಗ ಅತ್ತಿಗೆಯೂ ತಿನ್ನುತ್ತಾರೆ, ತಿಳಿದೇ ತಿನ್ನುತ್ತಾರೆ. ಅಣ್ಣನ ತರಕಾರಿಗೆ ಉಪ್ಪಿಲ್ಲದಿದ್ದರೂ ನಿಂಬೆಯ ಸಿಪ್ಪೆ ತುರಿದು ಹಾಕಿದರೆ ಬಾಯಿಗೆ ಹಿಡಿಸುತ್ತದೆ ಎಂದು ಕಂಡುಕೊಂಡೆ. ಇವತ್ತು ಎರಡನೆಯ ಸಲ ಹಾಕಿಸಿಕೊಂಡ.

ಬಟ್ಟಲು ಮೇಡಂ ಕೊಟ್ಟ ಬಟ್ಟಲು ಸುಮ್ಮನೆ ಬಿದ್ದಿತ್ತು. ಅಂಗಡಿಗೆ ಒಯ್ದು ಬಿಡಿ ಗುಂಡಿಗಳನ್ನು ಹಾಕಿಟ್ಟೆ.

ಏಪ್ರಿಲ್ 15, ಗುರುವಾರ

ಎಪ್ಪತ್ತೊಂಬತ್ತೂವರೆ.

ಒಬ್ಬಳೇ ಹೋಗಿದ್ದೆ. ಡಾಕ್ಟರು ಎರಡು ಸಲ ತೂಗಿಸಿದರು. ನಮ್ಮ ಕಡೆಯಿಂದ ಇನ್ನು ಏನೂ ಬಾಕಿಯಿಲ್ಲ ಎಂದರು. ಇನ್ನು ನೀವು ಬಂದು ಒಂದು ಮಾತು ಹೇಳಬೇಕು, ಆಮೇಲೆ ದಿನ ಗೊತ್ತುಮಾಡುತ್ತೇವೆ ಎಂದೂ ಹೇಳಿದರು. ಪಡಸಾಲೆಯಲ್ಲಿ ಕೌನ್ಸೆಲರ್ ಎದುರಾದಳು. ತಲೆಯಾಡಿಸಿದಳು, ನಿಲ್ಲಲಿಲ್ಲ.

ಬರುವಾಗ ಬೇಕರಿಯ ಮುಂದೆ ನಿಂತೆ. ಹಸಿವಿರಲಿಲ್ಲ. ನಡೆದುಕೊಂಡೇ ಮನೆಗೆ ಬಂದೆ.

ಅತ್ತಿಗೆ ಏನಾಯಿತು ಎಂದು ಕೇಳಿದಾಗ ಗಿರಾಕಿಯೊಬ್ಬರು ಬಂದರು. ಆಮೇಲೆ ಹೇಳುವುದು ಮರೆತೆ.

ಕೋಟನ್ನು ಮೂರನೆಯ ಸಲ ಹಿಡಿದು ಹೊಲಿದೆ.

ಏಪ್ರಿಲ್ 21, ಬುಧವಾರ

ಇವತ್ತೂ ಮರೆತೆ.

ಏಪ್ರಿಲ್ 24, ಶನಿವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಗಿರಾಕಿಗಳಿರಲಿಲ್ಲ. ಅತ್ತಿಗೆ ಮೇಲೆ ಇದ್ದರು. ಕೋಟು ಗೂಟಕ್ಕೆ ನೇತುಹಾಕಿತ್ತು. ತೋಳಿನ ಬಳಿ ಒಂದು ನೂಲು ಬಿಟ್ಟಿತ್ತು, ಅಣ್ಣನ ಕಣ್ಣಿಗೆ ಬಿತ್ತು. ಅಂಥದ್ದನ್ನು ನೋಡಿ ಸುಮ್ಮನಿರುವವನಲ್ಲ. ಕೋಟು ಇಳಿಸಿಕೊಂಡು ನೂಲು ಕತ್ತರಿಸಿದ. ಆಮೇಲೆ ಪಕ್ಕೆಯ ಮೇಲೆ ಬೆರಳಾಡಿಸಿದ. ನಿಂತ. ಕೋಟನ್ನು ಒಳಹೊರಗು ಮಾಡಿ ಮೇಜಿನ ಮೇಲೆ ಹರಡಿದ.

"ಇದೇನು ಗುಂಡಿ, ಕೋಟಿನೊಳಗೆ ಇನ್ನೊಂದು ಕೋಟಿದೆ."

ನಾನು ಹೊಲಿಗೆ ಯಂತ್ರದಿಂದ ಎದ್ದು ಹೋಗಿ ನೋಡಿದೆ. ನಾನೇ ಹೊಲಿದದ್ದಾದರೂ ಬೆಳಕಿನಲ್ಲಿ ಹಾಗೆ ಹರಡಿ ನೋಡಿರಲಿಲ್ಲ. ಮೂರು ಸಲ ಹಿಡಿದದ್ದು ಮೂರು ಮಡಿಕೆಯಾಗಿ, ಒಂದರ ಮೇಲೊಂದು, ಎರಡೂ ಪಕ್ಕೆಯಲ್ಲಿ ಹಗ್ಗದ ಹಾಗೆ ಇತ್ತು. ಒಂದು ನೂಲಿನಷ್ಟೂ ಕತ್ತರಿಸಿರಲಿಲ್ಲ.

"ಬೇಕಾದ್ರೆ ಬಿಚ್ಚಬಹುದು ಅಂತ," ಎಂದೆ.

"ಯಾವಾಗ ಬೇಕಾಗತ್ತೆ?"

ಅವನು ಹೆಬ್ಬೆರಳಿನಿಂದ ಮಡಿಕೆಯನ್ನು ಒತ್ತುತ್ತಿದ್ದ. ಡಯಾಲಿಸಿಸ್ ಸೂಜಿ ಚುಚ್ಚಿಸಿಕೊಳ್ಳುವ ಕೈ, ನರ ಬಳ್ಳಿಯ ಹಾಗೆ ಉಬ್ಬಿರುತ್ತದೆ.

"ಎಷ್ಟಿದೀಯ ಈಗ?"

ಅವನು ಕೇಳಿದ್ದು ಇದೇ ಮೊದಲು. ಎಂಬತ್ತರ ಒಳಗೆ ಎಂದೆ. ಯಾವತ್ತಿಂದ ಎಂದ. ಹೋದ ವಾರದಿಂದ ಎಂದೆ.

ಅವನಿಗೆ ಸಿಟ್ಟು ಬರಲಿಲ್ಲ. ಸ್ಟೂಲು ಎಳೆದುಕೊಂಡು ಕೂತ. ಗುಂಡಿಗಳ ಬಟ್ಟಲು ಅಲ್ಲೇ ಇತ್ತು. ಅದರಲ್ಲಿ ಕೈಯಾಡಿಸುತ್ತಾ, ನನ್ನ ಮುಖ ನೋಡದೆ ಹೇಳಿದ.

"ನಾನು ನಿನ್ನನ್ನ ಒಂದು ಮಾತೂ ಕೇಳಲಿಲ್ಲ. ಮರ್ತಿದ್ದಲ್ಲ. ಕೇಳಿದ್ರೆ ಎಲ್ಲಿ ಬೇಡ ಅಂತೀಯೋ ಅಂತ ಕೇಳಲಿಲ್ಲ. ನೀನು ತಿನ್ನೋದನ್ನ ದಿನಾ ನೋಡ್ತಿದ್ದೆ. ತೂಕ ನಿಂತಾಗ ನಿನಗಿಂತ ಮೊದಲು ನನಗೆ ಗೊತ್ತಾಯ್ತು, ಯಾಕೆ ಅಂತಾನೂ." ಒಂದು ಗುಂಡಿಯನ್ನು ಎತ್ತಿ, ಬೆಳಕಿಗೆ ಹಿಡಿದು, ವಾಪಸು ಹಾಕಿದ. "ಈಗ ಕೇಳ್ತಾ ಇದೀನಿ. ಇವತ್ತೇ ಹೇಳ್ಬೇಕು ಅಂತಿಲ್ಲ. ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳೋದೂ ಬೇಡ. ಈ ಕೋಟು ಹೀಗೇ ಗೂಟದ ಮೇಲಿರ್ಲಿ. ನಾನು ಇನ್ನೊಂದ್ಸಲ ಅದರ ಒಳಗೆ ನೋಡಲ್ಲ. ನಿನ್ನತ್ತಿಗೆಗೆ ನಾನು ಹೇಳ್ಕೋತೀನಿ."

"ನಿನಗೆ?" ಎಂದೆ.

"ನನಗೇನು. ಯಂತ್ರದ ಪಕ್ಕ ಮಲಗೋದು ರೂಢಿ ಆಗಿದೆ. ನರ್ಸ್‌ಗಳಿಗೆ ನಾನಿಲ್ದಿದ್ರೆ ಬೇಜಾರು."

ಕೋಟನ್ನು ಸರಿಯಾಗಿ ತಿರುಗಿಸಿ, ಕಾಲರು ನೀವಿ, ಗೂಟಕ್ಕೆ ಹಾಕಿದ. ಆಮೇಲೆ ಕಾವಲುಗಾರ ಬಂದ. ಪ್ಯಾಂಟು ಬಿಗಿಯಾಗಿದೆ, ಮಡಿಚಿದ್ದನ್ನು ಬಿಡಿಸಿಕೊಡಿ ಎಂದು ತಂದಿದ್ದ. ಅಣ್ಣ ಅವನನ್ನು ಚೆನ್ನಾಗಿ ರೇಗಿಸಿದ. ಪ್ಯಾಂಟಿನ ಹೊಲಿಗೆ ಬಿಚ್ಚಿದವಳು ನಾನು. ಒಳಗೆ ಬಟ್ಟೆ ಬಿಟ್ಟಿದ್ದರಿಂದ ಅವನಿಗೆ ಅನುಕೂಲವೇ ಆಯಿತು. ಅದನ್ನೂ ಬರೆಯಬೇಕು.

ಏಪ್ರಿಲ್ 25, ಭಾನುವಾರ

ಅಂಗಡಿಗೆ ರಜೆ. ಮಧ್ಯಾಹ್ನಕ್ಕೆ ಬೇಯಿಸಿದ ಮೀನು, ಹೂಕೋಸು ಬೆರೆಸಿದ ಅನ್ನ, ನಿಂಬೆ ಸಿಪ್ಪೆ ಹಾಕಿದ ಬಸಿದ ಬೀನ್ಸು. ಮೊದಲ ಸಲ ಮೂರು ತಟ್ಟೆಗೂ ಹೆಚ್ಚುಕಡಿಮೆ ಒಂದೇ ಅಡುಗೆ, ಅವನ ತಟ್ಟೆಗೆ ಹೂಕೋಸನ್ನೂ ಬಸಿದೇ ಹಾಕಿದ್ದು ಬಿಟ್ಟರೆ. ಅಣ್ಣ ಕೋಟಿನ ಮಾತೆತ್ತಲಿಲ್ಲ. ಊಟ ಮಾಡುವಾಗ ಬಾಗಿಲಿನಾಚೆ ಕಾಣುವ ಗೂಟದ ಕಡೆಗೆ ಬೆನ್ನು ಹಾಕಿ ಕೂತ. ಯಾವಾಗಲೂ ಕೂರುವ ಜಾಗ ಅದಲ್ಲ.

ಅವನ ಬಾಟಲಿಯಲ್ಲಿ ಕಾಲು ಭಾಗ ನೀರು ಉಳಿದಿತ್ತು. ಸಂಜೆಗೂ ರಾತ್ರಿಗೂ ಅದೇ. ನನ್ನ ಲೋಟವನ್ನು ತುಂಬಿಸಿಕೊಂಡು ಕುಡಿದೆ. ಇಷ್ಟು ದಿನ ಅವನ ಎದುರಿಗೆ ಕುಡಿಯುವಾಗ ಬೇರೆ ಕಡೆ ನೋಡುತ್ತಿದ್ದೆ.

ಅವರಿಬ್ಬರೂ ಮೇಲೆ ಹೋದ ಮೇಲೆ ಕೋಟನ್ನು ಇಳಿಸಿ ಒಳಹೊರಗು ಮಾಡಿದೆ. ಮಡಿಕೆಗಳನ್ನು ಬಿಡಿಸಿ ಇಸ್ತ್ರಿ ಮಾಡಿದೆ. ಹೊಲಿಗೆಯಿಂದ ಅರ್ಧ ಬೆರಳು ಬಿಟ್ಟು, ಟೇಪು ಹಿಡಿದು, ಸುಣ್ಣದ ಗೆರೆ ಎಳೆದೆ. ಎರಡೂ ಪಕ್ಕೆಗೆ. ಗೆರೆಯ ಆಚೆ ಸಾಕಷ್ಟು ಬಟ್ಟೆಯಿದೆ, ಒಳ್ಳೆಯ ಬಟ್ಟೆ.

ಭಯವಿದೆ. ಅದು ಮಾರ್ಚಿನಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇದೆ, ತೂಕದ ಹಾಗೆ ಇಳಿದಿಲ್ಲ. ಇವತ್ತು ಅದಕ್ಕೆ ಏನನ್ನೂ ತಿನ್ನಿಸಿಲ್ಲ, ಅಷ್ಟೇ.

ಅಂಗಡಿಯಲ್ಲಿರುವ ಅಪ್ಪನ ಕಾಲದ ದೊಡ್ಡ ಕತ್ತರಿಯನ್ನು ಅಣ್ಣನ ಹೊರತು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ನಾಳೆ ಸೋಮವಾರ. ಅವನು ಆಸ್ಪತ್ರೆಗೆ ಹೊರಡುವ ಮೊದಲು ಕೋಟನ್ನು ಕತ್ತರಿಸುವ ಮೇಜಿನ ಮೇಲೆ, ಗೆರೆ ಕಾಣುವ ಹಾಗೆ ಹರಡುತ್ತೇನೆ. ಅವನು ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳುತ್ತಾನೆ, ಕತ್ತರಿಸ್ಲಾ, ಆಮೇಲೆ ಜೋಡಿಸೋಕಾಗಲ್ಲ, ಅಂತ. ಕತ್ತರಿಸು ಎನ್ನುತ್ತೇನೆ.